ಅಲಾಸ್ಕದಲ್ಲಿ ಕಾರು ಎಷ್ಟು ದೂರ?

ಅಮೆರಿಕದ ಉತ್ತರದ ತುದಿಯಲ್ಲಿರುವ ಅಲಾಸ್ಕಕ್ಕೆ ಬೇಸಿಗೆಯಲ್ಲಿ ಹೊರಡುವ ಹಲವರು ಮೊದಲು ಬಾಡಿಗೆ ಕಾರನ್ನು ಗೊತ್ತುಮಾಡಿ, ಅನಂತರ ನೋಡಬೇಕಾದ ಜಾಗಗಳ ಪಟ್ಟಿಗೆ ಕೈಹಾಕುತ್ತಾರೆ. ರಸ್ತೆಗಳೇ ವಿರಳವಾದ ನಾಡಿನಲ್ಲಿ ಇದು ಸರಿಯಾದ ಕ್ರಮವಲ್ಲ. ರಾಜಧಾನಿ ಜೂನೋವಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಆರ್ಕ್ಟಿಕ್ ಸಾಗರದ ಸಮೀಪದವರೆಗೆ 666 ಕಿ.ಮೀ. ಸಾಗುವ ಡಾಲ್ಟನ್ ಹೆದ್ದಾರಿಯಂತೂ ಬಹುಪಾಲು ಜಲ್ಲಿಯದಾದ್ದರಿಂದ ಅನೇಕ ಬಾಡಿಗೆ ಸಂಸ್ಥೆಗಳು ತಮ್ಮ ಕಾರನ್ನು ಅಲ್ಲಿಗೆ ಒಯ್ಯಗೊಡುವುದಿಲ್ಲ.

ಉತ್ತರ ಅಮೆರಿಕದ ಅತ್ಯುನ್ನತ ಶಿಖರವನ್ನು (6,190 ಮೀಟರ್) ಒಳಗೊಂಡ ಡೆನಾಲಿ ರಾಷ್ಟ್ರೀಯ ಉದ್ಯಾನದಲ್ಲಿ ಇರುವುದು ಸುಮಾರು 148 ಕಿ.ಮೀ. ಉದ್ದದ ಒಂದೇ ರಸ್ತೆ. ಬೇಸಿಗೆಯಲ್ಲಿ ಸ್ವಂತ ವಾಹನಕ್ಕೆ ಮೊದಲ 24 ಕಿ.ಮೀ., ಅಂದರೆ ಸ್ಯಾವೇಜ್ ನದಿಯವರೆಗೆ ಮಾತ್ರ ಪ್ರವೇಶವಿದ್ದು, ಮುಂದಕ್ಕೆ ಬಸ್ಸೇ ಗತಿ. ಬಸ್ಸುಗಳಲ್ಲಿ ಎರಡು ಬಗೆ: ವಿವರಣೆ ನೀಡುತ್ತ ಕರೆದೊಯ್ದು ಅದೇ ಗುಂಪನ್ನು ಮರಳಿ ತರುವ ಪ್ರವಾಸಿ ಬಸ್ಸು, ಮತ್ತು ಬೇಕೆಂದಲ್ಲಿ ಇಳಿದು, ಮರಗಳಿಲ್ಲದೆ ಕುರುಚಲು ಗಿಡ, ಪಾಚಿಗಳಷ್ಟೇ ಬೆಳೆಯುವ ಟಂಡ್ರಾ ಬಯಲಿನಲ್ಲಿ ಅಲೆದು, ಸೀಟು ಖಾಲಿಯಿರುವ ಮುಂದಿನ ಬಸ್ಸಿಗೆ ಕೈಯೊಡ್ಡಬಹುದಾದ ಸಾರಿಗೆ ಬಸ್ಸು. ನಡೆಯಬಲ್ಲವರು ಎರಡನೆಯದನ್ನೇ ಆರಿಸಿಕೊಳ್ಳುವುದು ಲೇಸು. ಯಾರಾದರೂ ‘ಕರಡಿ’ ಎಂದೊಡನೆ ಬಸ್ಸು ನಿಲ್ಲುತ್ತದೆ, ಕಿಟಕಿಯ ಗಾಜುಗಳು ಸರಸರನೆ ಇಳಿಯುತ್ತವೆ, ಎಲ್ಲರೂ ಒಂದೇ ಮಗ್ಗುಲಿಗೆ ವಾಲುತ್ತಾರೆ. ಕಾರು ಓಡಿಸುವವನಿಗಾದರೋ ಕಣ್ಣು ರಸ್ತೆಯಿಂದ ಕೀಳಲು ಬಿಡುವಿಲ್ಲ. ಆದರೆ ಪ್ರೆಟ್ಟಿ ರಾಕ್ಸ್ ಎಂಬಲ್ಲಿ ಗುಡ್ಡ ಜಾರಿ 2021ರ ಆಗಸ್ಟ್‌ನಲ್ಲಿ ಆ ರಸ್ತೆಯನ್ನು ನಡುವೆಯೇ ಮುಚ್ಚಬೇಕಾಯಿತಾದ್ದರಿಂದ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆಂದು ವಿಚಾರಿಸಿಯೇ ಟಿಕೆಟ್ ಕೊಳ್ಳಬೇಕು.

ಆಂಕರೇಜ್ ನಗರದಿಂದ ಫೇರ್‌ಬ್ಯಾಂಕ್ಸ್ ನಗರಕ್ಕೆ ಕಾರಿನಲ್ಲಿ ಆರೇಳು ಗಂಟೆಯ ದಾರಿ. 1923ರಲ್ಲಿ ಪೂರ್ಣಗೊಂಡ ರೈಲುಮಾರ್ಗದಲ್ಲಿ ಸುಮಾರು ಹನ್ನೆರಡು ಗಂಟೆ. ಅವಸರವಿದ್ದವರು ಇಷ್ಟು ದೂರ ಬರುವುದಾದರೂ ಏಕೆ? ಇದೇ ಹಳಿಯಲ್ಲಿ ಟಾಲ್ಕೀಟ್ನ ಎಂಬ ಊರಿನಿಂದ ಹೊರಡುವ ‘ಹರಿಕೇನ್ ಟರ್ನ್’ ಎಂಬ ಗಾಡಿಯು ರಸ್ತೆ ಸಂಪರ್ಕವಿಲ್ಲದ ಮನೆಗಳವರಿಗಾಗಿ, ಹಳಿಯ ಬದಿಯಲ್ಲಿ ನಿಂತು ಬಟ್ಟೆ ಬೀಸಿದರೂ ನಿಲ್ಲುತ್ತದೆ. ನಿಲ್ದಾಣದ ಹಂಗಿಲ್ಲದ ಇಂಥ ನಿಲುಗಡೆ ಈಗ ಅಮೆರಿಕದಲ್ಲಿ ತೀರ ಅಪರೂಪ.

ಆಗ್ನೇಯ ಕರಾವಳಿಯ ದ್ವೀಪಗಳ ನಡುವೆ 1963ರಿಂದ ಓಡಾಡುತ್ತಿರುವ ಸರಕಾರಿ ಹಡಗುಗಳಲ್ಲಿ, ಕೋಣೆ ಹಿಡಿಯದ ಪ್ರಯಾಣಿಕರು ಮೇಲಟ್ಟದ ಮೇಲೆಯೇ ಡೇರೆ ಹೂಡಿ, ಗೂಟ ಹೊಡೆಯಲಾಗದ್ದಕ್ಕೆ ಅಂಟುಪಟ್ಟಿಯಿಂದ ಅದನ್ನು ಬಿಗಿದು ಮಲಗುತ್ತಾರೆ. ಈ ಹಡಗುಗಳಲ್ಲಿ ಕಾರನ್ನೂ ಸಾಗಿಸಬಹುದಾದರೂ ಕಾರಿನ ಜಾಗಗಳು ಬೇಗನೆ ಭರ್ತಿಯಾಗುತ್ತವೆ. ಚೀಲ ಹೊತ್ತು ನಡೆದು ಬಂದವರಿಗೆ ಟಿಕೆಟ್ ಸಾಮಾನ್ಯವಾಗಿ ಸುಲಭವಾಗಿ ಸಿಗುತ್ತದೆ.