ಹಿಡಿಯೊಳಗೆ ಅಡಗುವ ಬಂದೂಕು

ಅಮೆರಿಕದ ವಾಯುಪಡೆ 1950ರ ದಶಕದಲ್ಲಿ ಕೇಳಿದ್ದು ಒಂದೇ: ವಿಮಾನ ಬಿದ್ದು ಕಾಡುಮೇಡಿನಲ್ಲಿ ಸಿಲುಕಿದ ಪೈಲಟ್ ಬೇಟೆಯಾಡಿ ಹೊಟ್ಟೆ ತುಂಬಿಸಿಕೊಳ್ಳಲು ಒಂದು ಪುಟ್ಟ ಬಂದೂಕು. ಆರ್ಮಲೈಟ್ ಕಂಪನಿ ಅದಕ್ಕೆ ಎಆರ್-5 ರೂಪಿಸಿತು. ಅದರ ಬೆನ್ನಿಗೇ, 1959ರಲ್ಲಿ, ಯೂಜೀನ್ ಸ್ಟೋನರ್ ವಿನ್ಯಾಸದ ಎಆರ್-7 ಜನಸಾಮಾನ್ಯರ ಕೈಸೇರಿತು.

ಇದರ ಸೊಗಸಿರುವುದು ಜೋಡಣೆಯಲ್ಲಿ. ಹಿಂಬದಿಯ ಮುಚ್ಚಳ ತೆಗೆದರೆ ಟೊಳ್ಳಾದ ಪ್ಲಾಸ್ಟಿಕ್ ಹಿಡಿಯೊಳಗೆ ನಳಿಗೆ, ಯಂತ್ರಭಾಗ, ಮ್ಯಾಗಜೀನ್ ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಯಂತ್ರಭಾಗವನ್ನು ಹಿಡಿಗೆ ತಿರುಪಿನಿಂದ ಬಿಗಿದು, ನಳಿಗೆ ಸೇರಿಸಿ ಅದರ ನಟ್ ತಿರುಗಿಸಿದರೆ ಬಂದೂಕು ಸಿದ್ಧ. ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಬಿಚ್ಚಿ ಹಿಡಿಯೊಳಗಿಟ್ಟ ಬಂದೂಕು ನೀರಿಗೆ ಬಿದ್ದರೂ ತೇಲುತ್ತದೆ.

ಇದನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಉತ್ತರ ಮ್ಯಾಗಜೀನಿನಲ್ಲಿದೆ. ಗುಂಡನ್ನು ನಳಿಗೆಯೊಳಕ್ಕೆ ದಾಟಿಸುವ ಇಳಿಜಾರು ತಗಡು ಇಲ್ಲಿ ಮ್ಯಾಗಜೀನಿನದೇ ಭಾಗ. ಅದು ತುಸು ಬಾಗಿದರೂ ಗುಂಡು ಸಿಕ್ಕಿಕೊಳ್ಳುತ್ತದೆ. ಚಪ್ಪಟೆ ಮೂತಿಯ ಗುಂಡು ನಳಿಗೆಯ ಬಾಯಂಚಿಗೆ ತಗುಲಿ ನಿಲ್ಲಬಹುದು. ದುಂಡು ಮೂತಿಯದು ಸಲೀಸಾಗಿ ಜಾರುತ್ತದೆ. ಇದು ಬಳಸುವ .22 ತೋಟೆಯ ಹಿಮ್ಮೆಟ್ಟಿಸುವ ಒತ್ತಡದಿಂದಲೇ ಬೋಲ್ಟ್ ಹಿಂದೆ ಸರಿಯಬೇಕಾದ್ದರಿಂದ, ವೇಗ ಕಡಿಮೆಯಿರುವ ತೋಟೆ ಇದಕ್ಕೆ ಒಗ್ಗುವುದಿಲ್ಲ. ಸರಿಯಾದ ತೋಟೆ ಹಾಕಿ, ಮ್ಯಾಗಜೀನನ್ನು ಜೋಪಾನ ಮಾಡಿದವರ ಕೈಯಲ್ಲಿ ಇದು ಚೆನ್ನಾಗಿ ದುಡಿಯುತ್ತದೆ.

ಇದು ದೂರದ ಗುರಿಗಾಗಲಿ ದೊಡ್ಡ ಪ್ರಾಣಿಗಾಗಲಿ ಅಲ್ಲ. ಮೊಲ, ಅಳಿಲಿನಂಥ ಸಣ್ಣ ಬೇಟೆಗೆ. ಬೇಡದ್ದನ್ನೆಲ್ಲ ಬಿಟ್ಟು, ಬೇಕಾದ್ದೊಂದನ್ನು ಹೊರಲು ಹಗುರ ಮಾಡಿದ ಈ ವಿನ್ಯಾಸವನ್ನು ಹೆನ್ರಿ ಕಂಪನಿ ಸುಧಾರಿಸಿ ಇಂದಿಗೂ ತಯಾರಿಸುತ್ತಿದೆ. ಒಳ್ಳೆಯ ಎಂಜಿನಿಯರಿಂಗಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ.