ನಕಲಿನ ವೇಗ ಮತ್ತು ತಿದ್ದುವ ಕೈ

ಕೀಲಿಮಣೆಯತ್ತ ಕಣ್ಣು ಹಾಯಿಸದೆ, ಪ್ರತಿ ಬೆರಳಿಗೂ ಅದರದೇ ಕೀಲಿಗಳನ್ನು ಹಂಚಿಕೊಟ್ಟು ಅಚ್ಚಿಸುವ ವಿದ್ಯೆಯನ್ನು ಕರ್ನಾಟಕದಲ್ಲಿ ಬಹುಕಾಲ ಕಲಿಸಿದವು ಊರೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು. ‘ಎಎಸ್‌ಡಿಎಫ್‌ಜಿಎಫ್’ ಸಾಲನ್ನು ಹಾಳೆಗಟ್ಟಲೆ ಹೊಡೆಸಿ, ಜೂನಿಯರ್ ಮತ್ತು ಸೀನಿಯರ್ ಪರೀಕ್ಷೆಗಳಿಗೆ ಅಣಿಗೊಳಿಸುತ್ತಿದ್ದ ಆ ಶಿಕ್ಷಣ, ಮುಂದಿಟ್ಟ ಮಜಕೂರನ್ನು ತಪ್ಪಿಲ್ಲದೆ ವೇಗವಾಗಿ ನಕಲು ಮಾಡುವುದನ್ನೇ ಗುರಿಯಾಗಿಸಿಕೊಂಡಿತ್ತು. ಹಾಳೆಯ ಮೇಲೆ ಬಿದ್ದ ಅಕ್ಷರವನ್ನು ಹಿಂತೆಗೆಯಲಾಗದ ಯಂತ್ರಕ್ಕೆ ಆ ಗುರಿ ಸರಿಯಾಗಿಯೇ ಇತ್ತು. ಗಣಕದಲ್ಲಿ ಬರೆಯುವವರ ಸಮಯವೆಲ್ಲ ತಿದ್ದುವುದರಲ್ಲೇ ಕಳೆಯುತ್ತಿರುವಾಗಲೂ ಕಲಿಕೆ ಅಲ್ಲಿಯೇ ನಿಂತಿರುವುದು ಮಾತ್ರ ಪರಾಮರ್ಶೆಗೆ ಅರ್ಹವಾದ ಸಂಗತಿ.

ಮೊದಲು ಕೀಲಿಗಳ ಹಂಚಿಕೆಯ ವಿಚಾರ. ಕೆ.ಪಿ. ರಾವ್ ಅವರು ರೂಪಿಸಿದ, ಸರ್ಕಾರದ ಮಾನ್ಯತೆ ಪಡೆದು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿಗಳನ್ನು ಮುಟ್ಟಿದ ವಿನ್ಯಾಸದ ಹೆಚ್ಚುಗಾರಿಕೆಯೆಂದರೆ, ಇಂಗ್ಲಿಷ್ ಕಲಿತ ಬೆರಳುಗಳ ನೆನಪನ್ನು ಉಳಿಸಿಕೊಂಡೇ ಅದು ಕನ್ನಡದ ಕಾಗುಣಿತವನ್ನು ಅನುಸರಿಸುತ್ತದೆ. ವ್ಯಂಜನದೊಳಗೆ ಅಡಗಿರುವ ಅಕಾರವನ್ನು ಇಲ್ಲಿ ಬೇರೆಯಾಗಿ ಒತ್ತಬೇಕಿಲ್ಲ. ಆದ್ದರಿಂದ ರೋಮನ್ ಉಚ್ಚಾರಣೆಯಂತೆ ಟೈಪಿಸುವ ಪದ್ಧತಿಯಲ್ಲಿ ಏಳು ಕೀಲಿ ಬೇಡುವ ‘ಕನ್ನಡ’ ಎಂಬ ಪದ ಇಲ್ಲಿ ಐದರಲ್ಲಿ ಮುಗಿಯುತ್ತದೆ. ಒತ್ತಕ್ಷರಗಳನ್ನು ಬೆಸೆಯುವ ಹಲಂತ ಚಿಹ್ನೆ ಎಡ ತೋರುಬೆರಳು ಸದಾ ವಿಶ್ರಮಿಸುವ, ಉಬ್ಬುಗೆರೆಯುಳ್ಳ ಎಫ್ ಕೀಲಿಯ ಮೇಲಿದೆ. ಒತ್ತಕ್ಷರ ಹೆಜ್ಜೆಹೆಜ್ಜೆಗೂ ಬರುವ ಭಾಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಆದರೆ ಇಂಗ್ಲಿಷಿನ ನೆನಪಿಗೆ ತೆರಬೇಕಾದ ಬೆಲೆಯೂ ಉಂಟು. ‘ತ’ ಮತ್ತು ‘ದ’ಗಳು ಟಿ, ಡಿ ಕೀಲಿಗಳನ್ನು ಹಿಡಿದುಕೊಂಡದ್ದರಿಂದ ‘ಟ’, ‘ಡ’ಗಳು ಖಾಲಿಯಿದ್ದ ಕ್ಯೂ, ಡಬ್ಲ್ಯೂ ಕೀಲಿಗಳಿಗೆ ಸರಿದವು, ದೀರ್ಘ ಸ್ವರಗಳಿಗೆ, ‘ಣ’, ‘ಳ’, ‘ಶ’ಗಳಿಗೆ, ಕೊನೆಗೆ ವಾಕ್ಯಕ್ಕೆರಡು ಸಲವಾದರೂ ಬರುವ ಸೊನ್ನೆಗೂ ಶಿಫ್ಟ್ ಬೇಕಾಯಿತು. ‘ನಾಟಕ’ ಎಂದು ಅಚ್ಚಿಸುವಾಗ ಬಲ ಕಿರುಬೆರಳು ಶಿಫ್ಟ್ ಹಿಡಿದಿರಬೇಕು, ಎಡ ಕಿರುಬೆರಳು ದೀರ್ಘವನ್ನು ಒತ್ತಿ, ಮರುಕ್ಷಣವೇ ‘ಟ’ಕ್ಕಾಗಿ ಮೇಲಿನ ಸಾಲಿಗೆ ಚಾಚಬೇಕು. ಕೈಯ ಅತ್ಯಂತ ದುರ್ಬಲ ಬೆರಳಿಗೆ ಇಷ್ಟೊಂದು ದುಡಿಮೆ ಬಿದ್ದಿರುವುದು ಈ ವಿನ್ಯಾಸದ ನಿಜವಾದ ದೋಷ.

ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟು ಒದಗಿಸುವ ಇನ್‌ಸ್ಕ್ರಿಪ್ಟ್ ವಿನ್ಯಾಸ, ಸ್ವರಚಿಹ್ನೆಗಳನ್ನು ಎಡಗೈಗೂ ಹೆಚ್ಚಿನ ವ್ಯಂಜನಗಳನ್ನು ಬಲಗೈಗೂ ಕೊಟ್ಟು, ಕೈಗಳು ಸರದಿಯಂತೆ ದುಡಿಯುವ ಹಾಗೆ ಮಾಡುತ್ತದೆ. ನೋಡದೆ ಅಚ್ಚಿಸುವವರಿಗೆ ತಾತ್ವಿಕವಾಗಿ ಇದೇ ಮೇಲು. ಆದರೂ ಅದರ ಕಟ್ಟಡಕ್ಕೆ ದೇವನಾಗರಿಯೇ ಅಡಿಪಾಯವೆಂಬುದು ಕನ್ನಡದಲ್ಲಿ ಥಟ್ಟನೆ ಗೊತ್ತಾಗುತ್ತದೆ. ಕನ್ನಡದಲ್ಲಿ ಹೆಚ್ಚು ಬಳಕೆಯಾಗುವ ಹ್ರಸ್ವ ‘ಎ’, ‘ಒ’ಗಳ ಚಿಹ್ನೆಗಳು ಮೂಲೆಗೆ ಬಿದ್ದಿದ್ದರೆ, ನಡುಸಾಲಿನಲ್ಲಿ ಅವುಗಳ ದೀರ್ಘ ರೂಪಗಳು ಆರಾಮವಾಗಿ ಕೂತಿವೆ. ಹೀಗಾಗಿ ಇಂಗ್ಲಿಷ್ ಕೀಲಿಮಣೆ ಮೊದಲೇ ರೂಢಿಯಾಗಿರುವ ಕನ್ನಡಿಗರಿಗೆ ರಾವ್ ಅವರ ವಿನ್ಯಾಸವೇ, ಶಿಫ್ಟಿನ ಭಾರದೊಂದಿಗೂ, ಯೋಗ್ಯವಾದ ಆಯ್ಕೆ.

ಕೀಲಿಗಳ ಜೋಡಿ ಒತ್ತಿನಿಂದ ಪಠ್ಯವನ್ನು ಆಯುವ, ಅಳಿಸುವ, ಸರಿಸುವ ಶಾರ್ಟ್‌ಕಟ್ಟುಗಳ ವಿಷಯದಲ್ಲಿ ಕಲಿಕೆಯ ಕೊರತೆ ಇನ್ನೂ ಢಾಳಾಗಿ ಕಾಣುತ್ತದೆ. 1970ರ ದಶಕದಲ್ಲಿ ಝೆರಾಕ್ಸ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಲ್ಯಾರಿ ಟೆಸ್ಲರ್ ಮತ್ತು ಸಂಗಡಿಗರು ರೂಪುಕೊಟ್ಟ ಕತ್ತರಿಸಿ ಅಂಟಿಸುವ ಕ್ರಮ ಯಾವ ಭಾಷೆಗಾದರೂ ಒಗ್ಗುತ್ತದೆ. ಪದವನ್ನೇ ಘಟಕವಾಗಿ ಹಿಡಿಯುವ ಶಾರ್ಟ್‌ಕಟ್ಟುಗಳ ಮಾತು ಬೇರೆ. ‘ಬರೆದುಕೊಳ್ಳಬೇಕಾಗಿತ್ತು’ ಎಂಬುದನ್ನು ‘ಬರೆದುಕೊಳ್ಳಬೇಕಾಗಿದೆ’ ಎಂದು ಬದಲಿಸಬೇಕಾದಾಗ, ಇಂಗ್ಲಿಷ್ ಕೈಪಿಡಿಗಳು ಕಲಿಸುವಂತೆ ಕಂಟ್ರೋಲ್ ಜೊತೆ ಬ್ಯಾಕ್‌ಸ್ಪೇಸ್ ಒತ್ತಿದರೆ ಪದವೆಲ್ಲ ಮಾಯವಾಗಿ ಹದಿನೆಂಟು ಚಿಹ್ನೆಗಳನ್ನು ಮತ್ತೆ ಅಚ್ಚಿಸಬೇಕಾಗುತ್ತದೆ. ಬರೀ ಬ್ಯಾಕ್‌ಸ್ಪೇಸನ್ನು ನಾಲ್ಕು ಸಲ ಒತ್ತಿ ಎರಡು ಚಿಹ್ನೆ ಸೇರಿಸಿದರೆ ಕೆಲಸ ಮುಗಿಯಿತು. ಏಕೆಂದರೆ ಯೂನಿಕೋಡ್ ಪಠ್ಯದಲ್ಲಿ ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಇಡೀ ಅಕ್ಷರವನ್ನು ತಿನ್ನದೆ ಅದರ ಕೊನೆಯ ಚಿಹ್ನೆಯನ್ನಷ್ಟೇ ತೆಗೆಯುತ್ತದೆ: ‘ಸ್ತ್ರೀ’ ಪೂರ್ತಿ ಅಳಿಯಲು ಆರು ಒತ್ತು ಬೇಕು, ಆದರೆ ಮೊದಲನೆಯ ಒತ್ತಿಗೇ ದೀರ್ಘ ‘ಈ’ಕಾರ ಕಳಚಿ ‘ಸ್ತ್ರ’ ಉಳಿಯುತ್ತದೆ. ಹ್ರಸ್ವ-ದೀರ್ಘಗಳ ತಪ್ಪನ್ನು ತಿದ್ದುವವರಿಗೆ ಇದು ವರವೇ ಸರಿ. ಡಿಲೀಟ್ ಕೀಲಿ ಹಲವು ತಂತ್ರಾಂಶಗಳಲ್ಲಿ ಹೀಗಲ್ಲ, ಸ್ವರಚಿಹ್ನೆಯನ್ನೂ ಸೇರಿಸಿಕೊಂಡು ಅಕ್ಷರವನ್ನೇ ನುಂಗುತ್ತದೆ.

ಹುಡುಕುವ ಶಾರ್ಟ್‌ಕಟ್ಟಿಗೂ ಇದೇ ತಿಳಿವಳಿಕೆ ಬೇಕು. ವಿಭಕ್ತಿ ಪ್ರತ್ಯಯ ಹತ್ತಿದೊಡನೆ ಪದದ ಕೊನೆಯ ಉಕಾರ ಜಾರುವ ಭಾಷೆಯಲ್ಲಿ ‘ಊರು’ ಎಂದು ಹುಡುಕಿದವರಿಗೆ ‘ಊರಿಗೆ’, ‘ಊರಲ್ಲಿ’ ದಕ್ಕುವುದಿಲ್ಲ. ಉಕಾರ ಬಿಟ್ಟು ‘ಊರ’ ಎಂದಷ್ಟೇ ಕೊಟ್ಟರೆ, ಸಂಕೇತಗಳನ್ನು ಹೋಲಿಸಿ ಹುಡುಕುವ ತಂತ್ರಾಂಶ ಮೂರನ್ನೂ ಹಿಡಿದುಕೊಡುತ್ತದೆ. ಕರಡು ತಿದ್ದುವವರು ಇವನ್ನೆಲ್ಲ ತಾವಾಗಿಯೇ, ತಡವಾಗಿ, ಕಂಡುಕೊಳ್ಳುತ್ತಾರೆ. ನಿಮಿಷಕ್ಕೆ ಎಷ್ಟು ಪದವೆಂದು ಅಳೆಯುವ ಪರೀಕ್ಷೆಯ ಜೊತೆಗೆ, ತಪ್ಪು ತುಂಬಿದ ಒಂದು ಪುಟವನ್ನು ಮೌಸ್ ಮುಟ್ಟದೆ ಸರಿಪಡಿಸುವ ಪ್ರಶ್ನೆಯೊಂದನ್ನು ಇಟ್ಟರೆ, ಇನ್‌ಸ್ಟಿಟ್ಯೂಟುಗಳ ಪಾಠ ತಾನಾಗಿಯೇ ಬದಲಾಗುತ್ತದೆ.