ಎರಡನೆಯ ರಿಚರ್ಡನ ಕಿರೀಟತ್ಯಾಗ

ಕ್ರಿ. ಶ. 1601ನೆಯ ಫೆಬ್ರವರಿ 7ರಂದು ಲಂಡನ್ನಿನ ಗ್ಲೋಬ್ ರಂಗಶಾಲೆಯಲ್ಲಿ ಹಳೆಯ ನಾಟಕವೊಂದರ ಪ್ರಯೋಗವಾಯಿತು. ಎಸೆಕ್ಸ್ ಪ್ರಭುವಿನ ಪಕ್ಷದ ಕೆಲವರು ಷೇಕ್ಸ್‌ಪಿಯರನ ಮಂಡಲಿಯವರನ್ನು ಕಂಡು, ರಿಚರ್ಡ್ ದೊರೆಯ ಪದಚ್ಯುತಿಯನ್ನೂ ಕೊಲೆಯನ್ನೂ ಆಡಿತೋರಿಸಬೇಕೆಂದು ಕೇಳಿದ್ದರು. ನಾಟಕವು ಹಳತಾಯಿತು, ನೋಡುವವರು ಬಾರರು ಎಂದು ನಟರು ಹಿಂಜರಿಯಲು, ವಾಡಿಕೆಯ ಸಂಪಾದನೆಗಿಂತ 40 ಷಿಲಿಂಗ್ ಹೆಚ್ಚಾಗಿ ಕೊಡುವುದಾಗಿ ಹೇಳಿ ಒಪ್ಪಿಸಿದರು. ಮರುದಿನವೇ ಎಸೆಕ್ಸನು ದಂಗೆಯೆದ್ದನು. ನಗರವು ಅವನ ಬೆಂಬಲಕ್ಕೆ ಏಳಲಿಲ್ಲ. ನಟನಾದ ಅಗಸ್ಟಿನ್ ಫಿಲಿಪ್ಸನು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯಿಂದ ನಟರೊಡನೆ ನಡೆದ ಈ ವ್ಯವಹಾರವು ತಿಳಿದುಬರುತ್ತದೆ. ಆ ನಾಟಕವು ಷೇಕ್ಸ್‌ಪಿಯರನ ‘ಎರಡನೆಯ ರಿಚರ್ಡ್’ ಎಂಬುದೇ ಬಹುಮಂದಿ ವಿದ್ವಾಂಸರ ಮತ.

ಈ ಸಂಬಂಧದಿಂದ ಕೃತಿಗೆ ರಾಜದ್ರೋಹದ ಕಳಂಕವು ಅಂಟಿಕೊಂಡಿತು. ಅದಕ್ಕೆ ಇನ್ನೊಂದು ಆಧಾರವನ್ನೂ ತೋರಿಸುವರು. 1597ರಲ್ಲಿಯೂ 1598ರಲ್ಲಿಯೂ ಅಚ್ಚಾದ ಪ್ರತಿಗಳಲ್ಲಿ, ನಾಲ್ಕನೆಯ ಅಂಕದಲ್ಲಿ ರಿಚರ್ಡನು ಪಾರ್ಲಿಮೆಂಟಿನ ಮುಂದೆ ಕಿರೀಟವನ್ನೊಪ್ಪಿಸುವ ಸುಮಾರು 160 ಪಂಕ್ತಿಗಳಿಲ್ಲ. ರಾಣಿ ಎಲಿಜಬೆತ್ತಳು 1603ರಲ್ಲಿ ತೀರಿಕೊಂಡ ಮೇಲೆ, 1608ರ ಪ್ರತಿಯಲ್ಲಿ ಅವು ಮೊದಲು ಬೆಳಕಿಗೆ ಬಂದವು. ಕವಿಯು ಅವನ್ನು ಅನಂತರ ಬರೆದು ಸೇರಿಸಿದನೆಂಬ ಪಕ್ಷವೂ ಉಂಟು. ಆದರೆ 1597ರ ಪ್ರತಿಯಲ್ಲಿಯೇ, ಈ ಅಂಕದಲ್ಲಿ ದೊರೆಯು ರಂಗಕ್ಕೆ ಬಾರದಿದ್ದರೂ, ವೆಸ್ಟ್‌ಮಿನ್‌ಸ್ಟರಿನ ಮಠಾಧಿಪತಿಯು ತಾವು ಶೋಚನೀಯವಾದ ನೋಟವೊಂದನ್ನು ಕಂಡುದಾಗಿ ನುಡಿಯುವನು. ಅಲ್ಲಿ ನಡೆದಿರುವ ಬಿಷಪ್ಪನ ಬಂಧನವೊಂದಕ್ಕೇ ಆ ಮಾತು ಹೆಚ್ಚಾಯಿತು. ಕತ್ತರಿಸಿದವರು ಯಾರೇ ಆಗಲಿ, ಹೊಲಿಗೆಯನ್ನು ಮರೆತರೆಂದೇ ತೋರುತ್ತದೆ.

ಕತ್ತರಿಸಿದುದರಿಂದ ರಾಜಪಕ್ಷಕ್ಕೆ ಲಾಭವಾಯಿತೆ? ಇಲ್ಲವೆಂದೇ ಹೇಳಬೇಕು. ಆ ದೃಶ್ಯವಿಲ್ಲದ ನಾಟಕದಲ್ಲಿ ರಿಚರ್ಡನು ಒಪ್ಪಿದನೆಂಬ ಸುದ್ದಿ ಬರುವುದು. ಬಿಷಪ್ಪನ ಪ್ರತಿಭಟನೆಯೊಂದರ ಹೊರತು ಬಾಲಿಂಗ್‌ಬ್ರೋಕನಿಗೆ ಅಡ್ಡಿಯಿಲ್ಲ. ದೃಶ್ಯವಿದ್ದಲ್ಲಿ ಗೆದ್ದವನು ಬಹುಮಟ್ಟಿಗೆ ಮೂಕನಾಗುವನು. ರಿಚರ್ಡನು ಕಿರೀಟದ ಒಂದು ಅಂಚನ್ನು ತಾನು ಹಿಡಿದು ಮತ್ತೊಂದನ್ನು ಅವನಿಂದ ಹಿಡಿಸುತ್ತಾನೆ. ತನ್ನ ಅಭಿಷೇಕವನ್ನು ತನ್ನ ಕಣ್ಣೀರಿನಿಂದಲೇ ತೊಳೆದುಕೊಳ್ಳುತ್ತಾನೆ. ಅಪರಾಧಗಳ ಪಟ್ಟಿಯನ್ನು ಓದಬೇಕೆಂದು ನಾರ್ತಂಬರ್ಲೆಂಡನು ಪೀಡಿಸಿದರೂ ಓದದೆ, ಕನ್ನಡಿಯನ್ನು ತರಿಸಿ, ಮುಖವನ್ನು ನೋಡಿಕೊಂಡು, ಅದನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಇದೆಲ್ಲ ಬರಿಯ ಅಭಿನಯದ ಹುಚ್ಚೆಂದು ಹಳಿಯುವವರಿದ್ದಾರೆ. ಆಕ್ಷೇಪಣೆಯು ಪೂರ್ತಿ ಸುಳ್ಳಲ್ಲ. ಆದರೆ ಓದದೆ ಉಳಿದ ಆ ಪಟ್ಟಿಯನ್ನು ಗಮನಿಸಬೇಕು. ಅದನ್ನು ಅವನ ಬಾಯಿಂದಲೇ ಓದಿಸಿದ್ದರೆ ಪದಚ್ಯುತಿಯು ನ್ಯಾಯವೆನಿಸುತ್ತಿದ್ದಿತು. ಓದಿಸುವುದೇ ನಾರ್ತಂಬರ್ಲೆಂಡನ ಉದ್ದೇಶ. ಹುಚ್ಚೆನಿಸಿದ ಆ ಅಭಿನಯವೇ ಅದನ್ನು ತಪ್ಪಿಸಿತು. ಹಿಂದಿನ ಅಂಕಗಳಲ್ಲಿ ಗಾಂಟನ ಆಸ್ತಿಯನ್ನು ಅಪಹರಿಸಿದ ಅವಿವೇಕಿಗೆ ಸಾಮಾಜಿಕರ ಕರುಣೆಯೆಲ್ಲವೂ ಸಲ್ಲುವುದು ಇಲ್ಲಿಯೇ. ಹಣ ಕೊಟ್ಟ ಪ್ರಭುಗಳು ಕಥೆಯನ್ನು ಬಲ್ಲವರು, ನಾಟಕವನ್ನು ಬಲ್ಲವರಲ್ಲ.

ಹಾಗಾದರೆ ಅಂಜಿದುದು ಏತಕ್ಕೆ? ಕವಿಯ ಪಕ್ಷಪಾತಕ್ಕಲ್ಲ. ಕಿರೀಟವು ಕೈಯಿಂದ ಕೈಗೆ ದಾಟಬಲ್ಲ ವಸ್ತುವೆಂದು ಕಣ್ಣಾರೆ ತೋರುವುದೇ ಅಪಾಯವಾಗಿದ್ದಿತು. 1601ರ ಫೆಬ್ರವರಿಯಲ್ಲಿ ಸಂತಾನವಿಲ್ಲದ ರಾಣಿಗೆ 67 ವರ್ಷ. ಉತ್ತರಾಧಿಕಾರದ ಬಹಿರಂಗ ಚರ್ಚೆಯು ನಿಷಿದ್ಧ. ಇದೇ ಚರಿತ್ರೆಯನ್ನು 1599ರಲ್ಲಿ ಗದ್ಯವಾಗಿ ಪ್ರಕಟಿಸಿ ಎಸೆಕ್ಸನಿಗೆ ಅರ್ಪಿಸಿದ ಜಾನ್ ಹೇವರ್ಡನು ಮರುವರ್ಷ ಸೆರೆಮನೆಯನ್ನು ಸೇರಿದನು. ನಟರಿಗಾದರೋ ದಂಡನೆಯಾಗಲಿಲ್ಲ. ಫೆಬ್ರವರಿ 24ರಂದು ಅವರು ರಾಣಿಯ ಸಮ್ಮುಖದಲ್ಲಿಯೇ ಆಡಿದರು. ಮರುದಿನ ಬೆಳಗ್ಗೆ ಎಸೆಕ್ಸನ ಶಿರಚ್ಛೇದವಾಯಿತು.